ಎರಡನೇ ಸಲ ಮೊಣಗಂಟು ಬದಲಿಸುವುದಾದರೆ ಯಾವ ಇಂಪ್ಲಾಂಟ್?

ಜಮಾಅತ್‌ಗಳ ಪರಿಹಾರ ನಿಧಿಗೆ ಬರುವ ಅರ್ಜಿಗಳಲ್ಲಿ ಕಿಡ್ನಿ, ಹಾರ್ಟ್, ಕ್ಯಾನ್ಸರ್ ಮೊದಲಿನಿಂದಲೂ ಇವೆ. ಈಗ ಹೊಸದೊಂದು ಸೇರಿಕೊಂಡಿದೆ. ಹತ್ತು ಹನ್ನೆರಡು ವರ್ಷದ ಹಿಂದೆ ಗಲ್ಫಿನಲ್ಲಿದ್ದ ಮಕ್ಕಳು ದುಡ್ಡು ಕಳುಹಿಸಿ ಉಮ್ಮನ ಮೊಣಗಂಟು ಬದಲಿಸಿ ಕೊಟ್ಟಿದ್ದರು. ಅದೇ ಮೊಣಗಂಟು ಈಗ ಮತ್ತೆ ನೋಯುತ್ತದೆ, ನಡೆಯುವಾಗ ಓಲಾಡುತ್ತದೆ, ಇನ್ನೊಮ್ಮೆ ಆಪರೇಷನ್ ಮಾಡಬೇಕು ಎನ್ನುತ್ತಾರೆ ಡಾಕ್ಟರು. ಅಷ್ಟರಲ್ಲಿ ಮಕ್ಕಳು ಗಲ್ಫ್ ಬಿಟ್ಟು ಊರಿಗೆ ಬಂದಾಗಿರುತ್ತದೆ. ಉಳಿಸಿದ ದುಡ್ಡು ಮನೆಗೂ ತಂಗಿಯಂದಿರ ಮದುವೆಗೂ ಹೋಗಿರುತ್ತದೆ.

ಇತ್ತೀಚೆಗೆ ಅಂಥ ಒಂದು ಮನೆಯವರು ಮೂರು ಆಸ್ಪತ್ರೆಗಳ ಎಸ್ಟಿಮೇಟ್ ತಂದು ನಮ್ಮ ಮುಂದೆ ಇಟ್ಟರು. ಕಾಲು ಒಂದೇ, ಲೆಕ್ಕ ಮೂರು. ಒಂದರಲ್ಲಿ ‘ಹಿಂಜ್’ ಎಂದಿತ್ತು, ಇನ್ನೊಂದರಲ್ಲಿ ‘ಸಿಸಿಕೆ, ಸ್ಟೆಮ್ ಸಹಿತ’. ಮೂರನೆಯದರಲ್ಲಿ ಬರೀ ‘ರಿವಿಷನ್, ಇಂಪೋರ್ಟೆಡ್’, ಮತ್ತೇನೂ ಇಲ್ಲ. “ಉಸ್ತಾದರೇ, ರೇಟು ಹೆಚ್ಚಿನದ್ದೇ ಒಳ್ಳೆಯದಾ?” ಎಂದು ಮಗ ಕೇಳಿದ.

ನಾವು ಮದ್ರಸದಲ್ಲಿ ಕಲಿಸುವವರು, ಡಾಕ್ಟರಲ್ಲ. ಆದರೂ ಝಕಾತ್‌ನ ದುಡ್ಡು ಕೊಡಿಸಲು ಶಿಫಾರಸು ಮಾಡುವಾಗ ಆ ಕಾಗದದಲ್ಲಿರುವ ಶಬ್ದಗಳ ಅರ್ಥವಾದರೂ ಗೊತ್ತಿರಬೇಕಲ್ಲ. ಪರಿಚಯದ ಮೂಳೆ ಡಾಕ್ಟರೊಬ್ಬರ ಬಳಿ ಎರಡು ಸಂಜೆ ಕೂತು ಕೇಳಿದೆವು, ಒಂದಷ್ಟು ಓದಿದೆವು. ಮನೆಯವರು ಡಾಕ್ಟರ ಮುಂದೆ ಕೂತಾಗ ಸರಿಯಾದ ಪ್ರಶ್ನೆ ಕೇಳುವಂತಾಗಲಿ ಎಂದು ಇದನ್ನು ಬರೆಯುತ್ತಿದ್ದೇವೆ.

ಮೊದಲು ‘ಯಾಕೆ’, ಆಮೇಲೆ ‘ಯಾವುದು’

ಬದಲಿಸಿದ ಮೊಣಗಂಟು ಎಂದರೆ ಇಡೀ ಗಂಟನ್ನು ಕಿತ್ತು ಹೊಸದು ಹಾಕಿದ್ದಲ್ಲ. ತೊಡೆಮೂಳೆಯ ತುದಿಗೆ ಲೋಹದ ಒಂದು ಟೋಪಿ, ಕೆಳಗಿನ ಮೂಳೆಯ ಮೇಲೆ ಲೋಹದ ಒಂದು ತಟ್ಟೆ, ಎರಡರ ನಡುವೆ ಗಟ್ಟಿ ಪ್ಲಾಸ್ಟಿಕ್‌ನ ಒಂದು ಹಾಸು. ಕೆಲವರಿಗೆ ಮೊಣಚಿಪ್ಪಿನ ಒಳಬದಿಗೂ ಪ್ಲಾಸ್ಟಿಕ್‌ನ ಗುಂಡಿ ಕೂರಿಸುತ್ತಾರೆ. ಲೋಹವನ್ನು ಮೂಳೆಗೆ ಹಿಡಿಸುವುದು ಸಾಮಾನ್ಯವಾಗಿ ಬೋನ್ ಸಿಮೆಂಟ್. ಬದಿಯ ಲಿಗಮೆಂಟ್‌ಗಳು ರೋಗಿಯದ್ದೇ. ಗಂಟು ಆಚೆ ಈಚೆ ಓಲದಂತೆ ಹಿಡಿದುಕೊಳ್ಳುವುದು ಆ ಲಿಗಮೆಂಟ್‌ಗಳೇ. ಈ ಮಾತು ನೆನಪಿರಲಿ, ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಇದು ಕೆಡುವುದಕ್ಕೆ ಕಾರಣ ಹಲವು. ಸಿಮೆಂಟ್ ಬಿಟ್ಟು ಲೋಹ ಸಡಿಲವಾಗಬಹುದು. ಒಳಗೆ ಕೀವು ಆಗಬಹುದು. ಲಿಗಮೆಂಟ್ ಸೋತು ಗಂಟು ಓಲಾಡಬಹುದು. ಪ್ಲಾಸ್ಟಿಕ್ ಸವೆಯಬಹುದು, ಬಿದ್ದು ಇಂಪ್ಲಾಂಟ್‌ನ ಪಕ್ಕದ ಮೂಳೆ ಮುರಿಯಬಹುದು, ಗಂಟು ಬಿಗಿದು ಮಡಚದೇ ಹೋಗಬಹುದು. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಉಳಿದದ್ದೆಲ್ಲ ಗಟ್ಟಿಯಿದ್ದು ಪ್ಲಾಸ್ಟಿಕ್ ಮಾತ್ರ ಸವೆದಿದ್ದರೆ ಕೆಲವೊಮ್ಮೆ ಅದೊಂದನ್ನೇ ಬದಲಿಸಿದರೆ ಸಾಕಾಗುತ್ತದೆ.

ಕಾರಣವೇ ಗೊತ್ತಾಗದೆ ‘ನೋವಿದೆ, ಹಾಗಾಗಿ ಬದಲಿಸೋಣ’ ಎಂದು ಮಾಡುವ ಆಪರೇಷನ್‌ನಿಂದ ನೋವು ಹೋಗುವ ಸಂಭವ ಕಡಿಮೆ. ಮೂಳೆ ಡಾಕ್ಟರುಗಳೆಲ್ಲ ಒಪ್ಪುವ ಮಾತಿದು. ಸೊಂಟದ ಕೀಲಿನ ನೋವು, ಬೆನ್ನುಹುರಿಯ ನರದ ನೋವು ಮೊಣಗಂಟಿನಲ್ಲಿ ಬಂದು ಕೂರುವುದೂ ಉಂಟು. ಹಾಗಾಗಿ ಇಂಪ್ಲಾಂಟ್‌ನ ಹೆಸರು ಕೇಳುವ ಮೊದಲು “ಮೊದಲಿನದ್ದು ಕೆಟ್ಟದ್ದು ಯಾಕೆ?” ಎಂದು ಕೇಳಬೇಕು. ಅದಕ್ಕೆ ನೇರ ಉತ್ತರ ಸಿಗದಿದ್ದರೆ ಇನ್ನೊಬ್ಬ ಡಾಕ್ಟರಲ್ಲಿ ತೋರಿಸುವುದರಲ್ಲಿ ತಪ್ಪೇನೂ ಇಲ್ಲ.

ಕೀವು ಇದೆಯಾ ಇಲ್ಲವಾ ಎಂದು ನೋಡುವುದಂತೂ ಆಗಲೇಬೇಕು. ರಕ್ತದಲ್ಲಿ ಇಎಸ್‌ಆರ್, ಸಿಆರ್‌ಪಿ ನೋಡುತ್ತಾರೆ. ಗಂಟಿನಿಂದ ನೀರು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಆ ನೀರು ತೆಗೆಯುವ ಮುಂಚೆ ಕನಿಷ್ಠ ಎರಡು ವಾರವಾದರೂ ಆ್ಯಂಟಿಬಯೋಟಿಕ್ ತಿಂದಿರಬಾರದು, ತಿಂದಿದ್ದರೆ ಕೀಟಾಣು ಅಡಗಿಕೊಂಡು ರಿಪೋರ್ಟ್ ಸುಳ್ಳು ಹೇಳುತ್ತದೆ. ಡಾಕ್ಟರೇ ಮಾತ್ರೆ ನಡೆಸುತ್ತಿದ್ದರೆ ನಿಲ್ಲಿಸುವುದನ್ನೂ ಅವರಲ್ಲೇ ಕೇಳಿ ನಿಲ್ಲಿಸಬೇಕು. ನಮ್ಮ ಮನೆಗಳಲ್ಲಿ ಕಾಲು ಊದಿದ ಕೂಡಲೇ ಮೆಡಿಕಲ್‌ಗೆ ಓಡಿ ಮಾತ್ರೆ ತರುವ ಅಭ್ಯಾಸ ಇದೆಯಲ್ಲ, ಅದು ಇಲ್ಲಿ ದೊಡ್ಡ ತೊಂದರೆ ಮಾಡುತ್ತದೆ.

ಬಿಗಿತದ ನಾಲ್ಕು ಮೆಟ್ಟಿಲು

ಇನ್ನು ಡಿಸೈನ್‌ಗಳ ವಿಷಯ. ಕಂಪೆನಿಗಳ ಹೆಸರು ಹತ್ತಾರು ಇದ್ದರೂ ಒಳಗಿನ ತತ್ವ ನಾಲ್ಕೇ. ಗಂಟು ಓಲದಂತೆ ಹಿಡಿಯುವ ಕೆಲಸ ಎಷ್ಟರ ಮಟ್ಟಿಗೆ ರೋಗಿಯ ಲಿಗಮೆಂಟ್‌ನದ್ದು, ಎಷ್ಟರ ಮಟ್ಟಿಗೆ ಇಂಪ್ಲಾಂಟ್‌ನದ್ದು ಎಂಬುದೇ ಇವುಗಳ ನಡುವಿನ ವ್ಯತ್ಯಾಸ.

ಮೊದಲ ಮೆಟ್ಟಿಲು ಸಿಆರ್. ಇದರಲ್ಲಿ ಗಂಟಿನ ಒಳಗಿರುವ ಹಿಂಬದಿಯ ಲಿಗಮೆಂಟನ್ನು ಉಳಿಸಿಕೊಳ್ಳುತ್ತಾರೆ. ಎರಡನೇ ಆಪರೇಷನ್ ಹೊತ್ತಿಗೆ ಆ ಲಿಗಮೆಂಟ್ ನಂಬುವ ಸ್ಥಿತಿಯಲ್ಲಿ ಇರುವುದು ಅಪರೂಪ, ಆದ್ದರಿಂದ ಇಲ್ಲಿ ಇದರ ಉಪಯೋಗ ಕಡಿಮೆ.

ಎರಡನೆಯದು ಪಿಎಸ್. ಹಿಂಬದಿಯ ಲಿಗಮೆಂಟ್ ತೆಗೆದು, ಅದರ ಬದಲಿಗೆ ಪ್ಲಾಸ್ಟಿಕ್ ಹಾಸಿನ ನಡುವೆ ಒಂದು ಗೂಟ ಎಬ್ಬಿಸಿರುತ್ತಾರೆ. ಮೇಲಿನ ಲೋಹದಲ್ಲಿ ಅದಕ್ಕೆ ಸರಿಯಾಗಿ ಒಂದು ಗೂಡು, ಒಂದು ಅಡ್ಡಪಟ್ಟಿ. ಕಾಲು ಮಡಚಿದಾಗ ಪಟ್ಟಿ ಗೂಟಕ್ಕೆ ತಾಗಿ ಮೂಳೆ ಮುಂದೆ ಜಾರದಂತೆ ತಡೆಯುತ್ತದೆ. ನ್ಯೂಯಾರ್ಕ್‌ನ ಡಾ. ಜಾನ್ ಇನ್ಸಾಲ್ ಮತ್ತು ಎಂಜಿನಿಯರ್ ಆಲ್ಬರ್ಟ್ ಬರ್‌ಸ್ಟೈನ್ 1978ರಲ್ಲಿ ತಂದ ಉಪಾಯ ಇದು. ಬದಿಯ ಎರಡೂ ಲಿಗಮೆಂಟ್ ಚೆನ್ನಾಗಿದ್ದರೆ ಎರಡನೇ ಆಪರೇಷನ್‌ಗೂ ಇದು ಸಾಕು.

ಮೂರನೆಯದು ಎಸ್ಟಿಮೇಟ್‌ನಲ್ಲಿದ್ದ ಸಿಸಿಕೆ. ಇಲ್ಲಿಯೂ ಅದೇ ಗೂಟ, ಆದರೆ ಹೆಚ್ಚು ಎತ್ತರ, ಹೆಚ್ಚು ದಪ್ಪ. ಗೂಡಿನೊಳಗೆ ಬಿಗಿಯಾಗಿ ಕೂತುಕೊಳ್ಳುವುದರಿಂದ ಗಂಟು ಎಡಕ್ಕೂ ಬಲಕ್ಕೂ ಓಲುವುದನ್ನು ತಡೆಯುತ್ತದೆ. ಬದಿಯ ಲಿಗಮೆಂಟ್ ಸಡಿಲವಾಗಿದೆ, ಆದರೆ ಪೂರ್ತಿ ಹೋಗಿಲ್ಲ ಎಂಬವರಿಗೆ ಇದು.

ನಾಲ್ಕನೆಯದು ಹಿಂಜ್. ಹೆಸರೇ ಹೇಳುವ ಹಾಗೆ ಬಾಗಿಲಿನ ಬಿಜಾಗರಿ. ಮೇಲಿನ ತುಂಡು ಮತ್ತು ಕೆಳಗಿನ ತುಂಡನ್ನು ಒಂದು ಅಚ್ಚು ಜೋಡಿಸಿಬಿಡುತ್ತದೆ. ಲಿಗಮೆಂಟ್ ಇಲ್ಲವೇ ಇಲ್ಲ ಎಂದರೂ ಕಾಲು ನಿಲ್ಲುತ್ತದೆ. ಇದು ಹೊಸ ಸಂಗತಿಯೇನಲ್ಲ. ಸ್ವೀಡನ್‌ನ ಡಾ. ವಾಲ್ಡಿಯಸ್ 1951ರಲ್ಲೇ ಹಿಂಜ್ ಮೊಣಗಂಟು ಹಾಕಿದ್ದರು. ಹಳೆಯ ಹಿಂಜ್‌ಗಳು ಮಡಚುವುದು, ಬಿಡಿಸುವುದು ಎರಡೇ ಬಲ್ಲವು. ನಮ್ಮ ಮೊಣಗಂಟು ನಡೆಯುವಾಗ ಸ್ವಲ್ಪ ತಿರುಗುವುದೂ ಇದೆ. ತಿರುಗಲು ಬಿಡದ ಬಿಜಾಗರಿ ಆ ಒತ್ತಡವನ್ನೆಲ್ಲ ಮೂಳೆಯ ಮೇಲೆ ಹಾಕಿ, ಬೇಗ ಸಡಿಲವಾಗುತ್ತಿತ್ತು. ಈಗ ಬಳಸುವುದು ರೊಟೇಟಿಂಗ್ ಹಿಂಜ್, ಅದು ತಿರುಗುವುದಕ್ಕೂ ಬಿಡುತ್ತದೆ. ಆದ್ದರಿಂದ ಎಸ್ಟಿಮೇಟ್‌ನಲ್ಲಿ ‘ಹಿಂಜ್’ ಎಂದು ಮಾತ್ರ ಇದ್ದರೆ ಯಾವ ಹಿಂಜ್ ಎಂದು ಕೇಳಬಹುದು.

ಹಾಗಾದರೆ ಎಲ್ಲರಿಗೂ ಗಟ್ಟಿ ಹಿಂಜ್‌ನ್ನೇ ಹಾಕಿದರಾಯಿತಲ್ಲ ಎನಿಸುವುದು ಸಹಜ. ನಮಗೂ ಹಾಗೆಯೇ ಅನಿಸಿತು. ಡಾಕ್ಟರು ಹೇಳಿದ್ದು ಬೇರೆ: ಇಂಪ್ಲಾಂಟ್ ಹೆಚ್ಚು ಬಿಗಿಯಾದಷ್ಟೂ ಅದು ತಡೆದ ಒತ್ತಡ ಎಲ್ಲಿಗಾದರೂ ಹೋಗಲೇಬೇಕು, ಅದು ಹೋಗುವುದು ಲೋಹ ಮತ್ತು ಮೂಳೆ ಸೇರುವ ಜಾಗಕ್ಕೆ. ಅಲ್ಲಿ ಸಡಿಲವಾದರೆ ಮೂರನೇ ಆಪರೇಷನ್. ಹಾಗಾಗಿ ಗಂಟು ನಿಲ್ಲುವುದಕ್ಕೆ ಎಷ್ಟು ಬಿಗಿ ಸಾಕೋ ಅಷ್ಟೇ, ಅದಕ್ಕಿಂತ ಒಂದು ಮೆಟ್ಟಿಲೂ ಹೆಚ್ಚು ಬೇಡ ಎಂಬುದು ಅವರ ನಿಯಮ. ದುಬಾರಿ ಡಿಸೈನ್ ಎಂದರೆ ಮೇಲ್ದರ್ಜೆಯ ಡಿಸೈನ್ ಅಲ್ಲ, ಹೆಚ್ಚು ಹಾಳಾದ ಗಂಟಿಗೆ ಇರುವ ಡಿಸೈನ್.

ಕೊನೆಯ ತೀರ್ಮಾನ ಆಪರೇಷನ್ ಟೇಬಲ್ ಮೇಲೆಯೇ ಆಗುವುದು ಎಂಬುದನ್ನೂ ಮನೆಯವರು ತಿಳಿದಿರಬೇಕು. ಹಳೆಯದನ್ನು ಬಿಡಿಸಿ ನೋಡಿದ ಮೇಲೆಯೇ ಲಿಗಮೆಂಟ್ ಎಷ್ಟಿದೆ, ಮೂಳೆ ಎಷ್ಟಿದೆ ಎಂದು ಸರಿಯಾಗಿ ಗೊತ್ತಾಗುವುದು. ಒಳ್ಳೆಯ ಸರ್ಜನ್ ಪಿಎಸ್‌ನಿಂದ ಹಿಂಜ್‌ವರೆಗೆ ಎಲ್ಲವನ್ನೂ ಥಿಯೇಟರ್‌ಗೆ ತರಿಸಿಟ್ಟುಕೊಂಡಿರುತ್ತಾರೆ.

ಮೂಳೆಗೆ ಹಿಡಿಸುವ ಬಗೆ

ಹಳೆಯ ಇಂಪ್ಲಾಂಟ್ ಕೀಳುವಾಗ ಸಿಮೆಂಟ್ ಜೊತೆ ಸ್ವಲ್ಪ ಮೂಳೆಯೂ ಹೋಗುತ್ತದೆ. ಸಡಿಲವಾಗಿ ಅಲುಗಾಡುತ್ತಾ ಮೊದಲೇ ತಿಂದುಹಾಕಿದ್ದು ಬೇರೆ. ಮದುವೆ ಮನೆಯ ಚಪ್ಪರಕ್ಕೆ ಕಂಬ ನೆಡುವಾಗ ಮೇಲಿನ ಮಣ್ಣು ಸಡಿಲವಿದ್ದರೆ ಏನು ಮಾಡುತ್ತೇವೆ? ಇನ್ನೂ ಆಳಕ್ಕೆ ತೋಡುತ್ತೇವೆ. ಸ್ಟೆಮ್ ಎಂದರೆ ಅದೇ: ಮೂಳೆಯ ಒಳಗಿನ ಟೊಳ್ಳಿನಲ್ಲಿ ಇಳಿಯುವ ಲೋಹದ ಕಡ್ಡಿ. ಸಿಸಿಕೆ, ಹಿಂಜ್ ಹಾಕಿದಾಗ ಸಾಮಾನ್ಯವಾಗಿ ಇದು ಇದ್ದೇ ಇರುತ್ತದೆ.

ಸ್ಟೆಮ್‌ನಲ್ಲಿ ಎರಡು ಬಗೆ. ಪೂರ್ತಿ ಸಿಮೆಂಟ್ ಹಾಕಿ ಕೂರಿಸುವುದು ಒಂದು, ಗಂಟಿನ ಬಳಿ ಮಾತ್ರ ಸಿಮೆಂಟ್ ಹಾಕಿ ಉದ್ದದ ಕಡ್ಡಿಯನ್ನು ಮೂಳೆಯೊಳಗೆ ಬಿಗಿಯಾಗಿ ತುರುಕುವುದು ಇನ್ನೊಂದು. ಸಿಮೆಂಟ್‌ನದ್ದು ಮೂಳೆ ಮೆದುವಾದವರಿಗೂ ಹಿಡಿಯುತ್ತದೆ, ಅದರಲ್ಲಿ ಆ್ಯಂಟಿಬಯೋಟಿಕ್ ಬೆರೆಸಲೂಬಹುದು. ಆದರೆ ಮತ್ತೊಮ್ಮೆ ತೆಗೆಯಬೇಕಾಗಿ ಬಂದರೆ ಬಹಳ ಕಷ್ಟ. ಇನ್ನೊಂದು ತೆಗೆಯಲು ಸುಲಭ, ಆದರೆ ಕೆಲವರಿಗೆ ಕಡ್ಡಿಯ ತುದಿ ಇರುವ ಜಾಗದಲ್ಲಿ, ಅಂದರೆ ತೊಡೆಯಲ್ಲಿ ಅಥವಾ ಮೊಣಕಾಲಿನ ಕೆಳಗೆ, ನೋವು ಉಳಿದುಬಿಡುತ್ತದೆ. ಬಾಳಿಕೆಯಲ್ಲಿ ಇವೆರಡರ ನಡುವೆ ಹೇಳುವಂಥ ವ್ಯತ್ಯಾಸ ಕಂಡಿಲ್ಲ. ಸರ್ಜನ್‌ಗೆ ಯಾವುದರಲ್ಲಿ ಕೈ ಪಳಗಿದೆಯೋ ಅದನ್ನು ಮಾಡಲಿ ಎಂಬುದು ನಮ್ಮ ಅಭಿಪ್ರಾಯ.

ಮೂಳೆ ಒಂದು ಬದಿಯಲ್ಲಿ ಮಾತ್ರ ಹೋಗಿದ್ದರೆ ಅಲ್ಲಿಗೆ ‘ಆಗ್‌ಮೆಂಟ್’ ಎಂಬ ಲೋಹದ ತುಂಡು ಸೇರಿಸುತ್ತಾರೆ, ಕುಂಟುವ ಮೇಜಿನ ಕಾಲಿನ ಅಡಿಗೆ ನಾವು ಮರದ ಚಕ್ಕೆ ಇಡುತ್ತೇವಲ್ಲ, ಹಾಗೆ. ಒಳಗೆ ದೊಡ್ಡ ಗುಂಡಿಯೇ ಬಿದ್ದಿದ್ದರೆ ‘ಕೋನ್’ ಅಥವಾ ‘ಸ್ಲೀವ್’. ಇವು ಸಣ್ಣ ಸಣ್ಣ ತೂತುಗಳಿರುವ ಲೋಹದವು, ಟ್ಯಾಂಟಲಮ್ ಅಥವಾ ಟೈಟಾನಿಯಂ. ಕಾಲಕ್ರಮದಲ್ಲಿ ನಮ್ಮ ಮೂಳೆಯೇ ಆ ತೂತುಗಳೊಳಗೆ ಬೆಳೆದು ಹಿಡಿದುಕೊಳ್ಳುತ್ತದೆ. ಕೋನ್‌ನ್ನು ಮೊದಲು ಮೂಳೆಯಲ್ಲಿ ಕೂರಿಸಿ ಆಮೇಲೆ ಇಂಪ್ಲಾಂಟನ್ನು ಅದರೊಳಗೆ ಸಿಮೆಂಟ್‌ನಿಂದ ಹಿಡಿಸುತ್ತಾರೆ, ಸ್ಲೀವ್ ಇಂಪ್ಲಾಂಟ್‌ಗೇ ಜೋಡಿಕೊಂಡು ಬರುತ್ತದೆ. ಮೊದಲೆಲ್ಲ ಇಂಥ ಗುಂಡಿ ತುಂಬಲು ಮೃತರಿಂದ ಪಡೆದು ಬೋನ್ ಬ್ಯಾಂಕ್‌ನಲ್ಲಿ ಇಟ್ಟ ಮೂಳೆಯನ್ನೇ ಹೆಚ್ಚಾಗಿ ಬಳಸುತ್ತಿದ್ದರು. ಬಿಲ್ಲಿನಲ್ಲಿ ಈ ಹೆಸರುಗಳು ಕಂಡರೆ ಗಾಬರಿ ಬೇಡ. ಎಕ್ಸ್‌ರೇಯಲ್ಲಿ ಮೂಳೆ ಎಲ್ಲಿ ಹೋಗಿದೆ ಎಂದು ತೋರಿಸಿ ಎಂದರೆ ಸಾಕು.

ಹೋಲಿಕೆಯ ಲೆಕ್ಕ ಓದುವಾಗ

ಹಿಂಜ್ ಹಾಕಿಸಿಕೊಂಡವರಲ್ಲಿ ತೊಂದರೆ ಜಾಸ್ತಿ ಎಂದು ಯಾರೋ ಹೇಳಿದ್ದನ್ನು ಕೇಳಿ ಒಂದು ಮನೆಯವರು ಹೆದರಿದ್ದರು. ಲೆಕ್ಕ ಸುಳ್ಳಲ್ಲ, ಆದರೆ ಹಿಂಜ್ ಹಾಕುವುದು ಯಾರಿಗೆ? ಎಲ್ಲ ಕಳೆದುಕೊಂಡ ಗಂಟಿಗೆ. ಐಸಿಯುನಲ್ಲಿ ಸಾಯುವವರು ಜಾಸ್ತಿ, ಆದ್ದರಿಂದ ಐಸಿಯುವೇ ಅಪಾಯ ಎಂದ ಹಾಗಾಗುತ್ತದೆ. ಒಂದೇ ಬಗೆಯ ಕೆಡುಕಿರುವ ಎರಡು ಗಂಟುಗಳನ್ನು ಹೋಲಿಸಿದರೆ ಮಾತ್ರ ಡಿಸೈನ್‌ನ ಗುಣ ಗೊತ್ತಾಗುವುದು.

ಇಂಥ ಲೆಕ್ಕ ಸಿಗುವುದು ರಿಜಿಸ್ಟ್ರಿಗಳಿಂದ. ಸ್ವೀಡನ್ 1975ರಿಂದಲೇ ದೇಶದ ಮೊಣಗಂಟು ಆಪರೇಷನ್‌ಗಳನ್ನು ಬರೆದಿಡುತ್ತಾ ಬಂದಿದೆ, ಬ್ರಿಟನ್ 2003ರಿಂದ. ಹಲವು ದೇಶಗಳ ಲೆಕ್ಕ ಒಟ್ಟು ಸೇರಿಸಿ 2019ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪೂರ್ಣ ಮೊಣಗಂಟು ಬದಲಾವಣೆಯಲ್ಲಿ ಶೇ. 82ರಷ್ಟು 25 ವರ್ಷ ಬಾಳುತ್ತವೆ. ಅಂದರೆ ಮೊದಲ ಆಪರೇಷನ್ ಬಹುತೇಕರಿಗೆ ಜೀವಮಾನಕ್ಕೆ ಸಾಕು. ಆದರೆ ವಯಸ್ಸು ಮುಖ್ಯ. ಎಪ್ಪತ್ತು ದಾಟಿದವರಿಗೆ ಎರಡನೇ ಆಪರೇಷನ್ ಬರುವ ಸಂಭವ ಶೇ. 5ರ ಆಸುಪಾಸು. ಐವತ್ತರ ಆರಂಭದಲ್ಲೇ ಮಾಡಿಸಿಕೊಂಡ ಗಂಡಸರಲ್ಲಿ ಅದು ಶೇ. 35ರವರೆಗೆ ಹೋಗುತ್ತದೆ ಎಂದು ಬ್ರಿಟನ್‌ನ 2017ರ ಇನ್ನೊಂದು ಅಧ್ಯಯನ ಹೇಳಿದೆ.

ಎರಡನೆಯದರ ಬಾಳಿಕೆ ಮೊದಲಿನದರಷ್ಟಿಲ್ಲ. ಬ್ರಿಟನ್ ರಿಜಿಸ್ಟ್ರಿಯ ಲೆಕ್ಕದಲ್ಲಿ ಹೀಗೆ ಮರುಬದಲಿಸಿದ ಐದರಲ್ಲಿ ಒಂದು ಗಂಟಿಗೆ 13 ವರ್ಷದೊಳಗೆ ಮತ್ತೆ ಆಪರೇಷನ್ ಆಗಿದೆ. ಅದೂ ಕೆಟ್ಟು ಮತ್ತೊಮ್ಮೆ ಬದಲಿಸಿದವುಗಳಲ್ಲಿ ಐದರಲ್ಲಿ ಒಂದು 5 ವರ್ಷವೂ ಬಂದಿಲ್ಲ. ಅದರ ಮುಂದಿನದಕ್ಕೆ 3 ವರ್ಷ. ಪ್ರತಿ ಸಲ ಮೂಳೆ ಕಡಿಮೆಯಾಗುತ್ತದೆ, ದಾರಿ ಕಡಿಮೆಯಾಗುತ್ತದೆ. ಹೀಗಾಗಿ ಎರಡನೇ ಆಪರೇಷನ್‌ನ್ನು ಇಂಥದ್ದನ್ನು ಆಗಾಗ ಮಾಡುವ ಸರ್ಜನ್ ಬಳಿಯೇ ಮಾಡಿಸಬೇಕು. “ವರ್ಷಕ್ಕೆ ಎಷ್ಟು ರಿವಿಷನ್ ಮಾಡ್ತೀರಿ ಡಾಕ್ಟ್ರೇ?” ಎಂದು ಕೇಳುವುದು ಅವಮಾನದ ಮಾತಲ್ಲ. ಇಂಪ್ಲಾಂಟ್‌ನ ಕಂಪೆನಿಗಿಂತ ಈ ಉತ್ತರಕ್ಕೆ ಬೆಲೆ ಹೆಚ್ಚು.

ಕೀವು ಇದ್ದರೆ

ಒಳಗೆ ಕೀವು ಬಹಳ ಸಮಯದಿಂದ ಇದ್ದರೆ ಸಾಮಾನ್ಯವಾಗಿ ಆಪರೇಷನ್ ಎರಡು ಹಂತದಲ್ಲಿ. ಮೊದಲು ಎಲ್ಲವನ್ನೂ ಕಿತ್ತು, ತೊಳೆದು, ಆ್ಯಂಟಿಬಯೋಟಿಕ್ ಬೆರೆಸಿದ ಸಿಮೆಂಟ್‌ನ ಸ್ಪೇಸರ್ ಇಡುತ್ತಾರೆ. ವಾರಗಟ್ಟಲೆ ಇಂಜೆಕ್ಷನ್, ಮಾತ್ರೆ. ಕೀವು ಹೋಗಿದೆ ಎಂದು ಖಾತರಿಯಾದ ಮೇಲೆ ಹೊಸ ಇಂಪ್ಲಾಂಟ್. ಜರ್ಮನಿಯ ಹ್ಯಾಂಬರ್ಗ್‌ನ ಎಂಡೋ ಕ್ಲಿನಿಕ್‌ನವರು ಆಯ್ದ ರೋಗಿಗಳಿಗೆ ಒಂದೇ ಹಂತದಲ್ಲಿ ಮಾಡುವ ಕ್ರಮಕ್ಕೆ ಹೆಸರಾದವರು. ಎಲ್ಲಿ ಮಾಡಿಸಿದರೂ, ಜಮಾಅತ್‌ಗೆ ಅರ್ಜಿ ಹಾಕುವಾಗ ಎರಡೂ ಹಂತದ ಖರ್ಚು ಬರೆಯಿರಿ. ಮೊದಲ ಹಂತಕ್ಕೆ ದುಡ್ಡು ಕೂಡಿಸಿ, ಎರಡನೆಯದಕ್ಕೆ ಸಿಗದೆ, ಸ್ಪೇಸರ್‌ನಲ್ಲೇ ತಿಂಗಳುಗಟ್ಟಲೆ ಕೂತವರನ್ನು ನಾವು ನೋಡಿದ್ದೇವೆ. ಶುಗರ್ ಇರುವವರು ಆಪರೇಷನ್‌ಗೆ ಮೊದಲೇ ಹಿಡಿತಕ್ಕೆ ತರಬೇಕು, ಕೀವಿನ ಅಪಾಯ ಅವರಿಗೆ ಹೆಚ್ಚು. ನಮ್ಮಲ್ಲಿ ಶುಗರ್ ಇಲ್ಲದ ಮನೆ ಎಲ್ಲಿದೆ ಹೇಳಿ.

ದುಡ್ಡಿನ ವಿಷಯ

2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಮೊಣಗಂಟು ಇಂಪ್ಲಾಂಟ್‌ಗಳಿಗೆ ಗರಿಷ್ಠ ಬೆಲೆ ನಿಗದಿ ಮಾಡಿತು. ಆಗ ಆ ಖಾತೆಯ ಸಚಿವರಾಗಿದ್ದವರು ನಮ್ಮ ರಾಜ್ಯದವರೇ ಆದ ಅನಂತ ಕುಮಾರ್. ಸರಾಸರಿ 2,76,869 ರೂ.ಗೆ ಮಾರುತ್ತಿದ್ದ ರಿವಿಷನ್ ಇಂಪ್ಲಾಂಟ್‌ಗೆ 62,770 ರೂ. ಮಿತಿ, ಅದರ ಮೇಲೆ ಜಿಎಸ್‌ಟಿ. ಮಾಮೂಲಿ ಕೋಬಾಲ್ಟ್ ಕ್ರೋಮಿಯಂನದ್ದು 54,720 ರೂ. ಬಳಿಕ ಈ ಮಿತಿ ಆಗಾಗ ಪರಿಷ್ಕರಣೆ ಆಗಿದೆ, ಹಾಗಾಗಿ ಈಗಿನ ದರವನ್ನು ಆಸ್ಪತ್ರೆಯಲ್ಲೇ ಕೇಳಿ ತಿಳಿಯಬೇಕು. ಇದು ಇಂಪ್ಲಾಂಟ್‌ನ ಬೆಲೆ ಮಾತ್ರ. ಸರ್ಜನ್, ಥಿಯೇಟರ್, ವಾರ್ಡ್, ಔಷಧ ಬೇರೆ.

ಬಿಲ್ಲಿನಲ್ಲಿ ಇಂಪ್ಲಾಂಟ್‌ನ ಬೆಲೆ, ಬ್ರ್ಯಾಂಡ್, ಕಂಪೆನಿ, ಬ್ಯಾಚ್ ನಂಬರ್ ಪ್ರತ್ಯೇಕವಾಗಿ ತೋರಿಸಬೇಕು ಎಂದೂ ಆ ಆದೇಶದಲ್ಲಿದೆ. ಬರೀ ‘ಇಂಪೋರ್ಟೆಡ್’ ಎಂದು ಬರೆದ ಎಸ್ಟಿಮೇಟನ್ನು ಬಿಡಿಸಿ ಬರೆದುಕೊಡಿ ಎಂದು ವಾಪಸ್ ಕೊಡಬಹುದು. ಬಿಪಿಎಲ್ ಕಾರ್ಡ್ ಇರುವವರು ಝಕಾತ್ ಸಮಿತಿಗೆ ಬರುವ ಮೊದಲು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಸಿಗುತ್ತದಾ ಎಂದು ವೆನ್ಲಾಕ್‌ನ ಆರೋಗ್ಯಮಿತ್ರರಲ್ಲಿ ವಿಚಾರಿಸಿ. ಆಪರೇಷನ್ ಆದ ಮೇಲೆ ವಿಚಾರಿಸಿ ಪ್ರಯೋಜನವಿಲ್ಲ.

ಮೊದಲ ಆಪರೇಷನ್‌ನ ಕಾಗದ ಇದ್ದರೆ ಹುಡುಕಿ ತೆಗೆಯಿರಿ. ಅದರಲ್ಲಿ ಇಂಪ್ಲಾಂಟ್‌ನ ಸ್ಟಿಕ್ಕರ್ ಅಂಟಿಸಿರುತ್ತಾರೆ. ಪ್ಲಾಸ್ಟಿಕ್ ಮಾತ್ರ ಬದಲಿಸುವುದಾದರೆ ಅದೇ ಕಂಪೆನಿಯ ಅದೇ ಸೈಜಿನದ್ದೇ ಬೇಕು. ಆ ಚೀಟಿ ಇಲ್ಲದೆ ಎಕ್ಸ್‌ರೇ ನೋಡಿ ಊಹಿಸಬೇಕಾಗುತ್ತದೆ. ಪಾಸ್‌ಪೋರ್ಟ್ ಇಡುವ ಪೆಟ್ಟಿಗೆಯಲ್ಲೇ ಇದನ್ನೂ ಇಡಿ.

‘ನಮಾಝಿಗೆ ಕೂರಲು ಆಗುವಂಥದ್ದು’ ಎಂದು ಹೈ-ಫ್ಲೆಕ್ಸ್ ಇಂಪ್ಲಾಂಟ್ ತೋರಿಸುವವರಿದ್ದಾರೆ. ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಮಾಮೂಲಿನದಕ್ಕಿಂತ ಹೇಳಿಕೊಳ್ಳುವಷ್ಟು ಹೆಚ್ಚು ಮಡಚಿದ್ದು ಕಂಡಿಲ್ಲ. ಎರಡನೇ ಆಪರೇಷನ್ ಬಳಿಕ ಅತ್ತಹಿಯ್ಯಾತ್‌ಗೆ ಕಾಲು ಮಡಚಿ ಕೂರುವ ಆಸೆ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ನೋವಿಲ್ಲದೆ ಮಸೀದಿಗೆ ನಡೆದು ಹೋಗುವಂತಾದರೆ ಅದೇ ದೊಡ್ಡ ನಿಅಮತ್.

ಕುರ್ಚಿಯ ನಮಾಝ್, ಮತ್ತೆ ಕೆಲವು ಮಸ್‌ಅಲ

ನಿಂತು ಆಗದಿದ್ದರೆ ಕೂತು, ಕೂತೂ ಆಗದಿದ್ದರೆ ಮಲಗಿ ನಮಾಝ್ ಮಾಡಲು ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ಪ್ರವಾದಿ(ಸ) ಅನುಮತಿ ಕೊಟ್ಟದ್ದು ಬುಖಾರಿಯಲ್ಲಿದೆ. ಇಲ್ಲಿ ಒಂದು ಮಾತು ಗಮನಿಸಬೇಕು. ನಮ್ಮ ಶಾಫಿಈ ಮದ್ಹಬ್‌ನಲ್ಲಿ ಸುಜೂದ್ ಮಾಡಲು ಆಗುವುದಿಲ್ಲ ಎಂಬ ಕಾರಣಕ್ಕೆ ಫರ್ಳ್ ನಮಾಝಿನ ನಿಲ್ಲುವಿಕೆ ಬಿಟ್ಟುಹೋಗುವುದಿಲ್ಲ. ನಿಲ್ಲಲು ಆಗುವವರು ನಿಂತೇ ತಕ್ಬೀರ್ ಕಟ್ಟಿ, ನಿಂತೇ ಫಾತಿಹಾ ಓದಿ, ಆದಷ್ಟು ಬಾಗಿ ರುಕೂಅ್ ಮಾಡಿ, ಸುಜೂದ್‌ಗೆ ಮಾತ್ರ ಕುರ್ಚಿಯಲ್ಲಿ ಕೂತು ಬಾಗಬೇಕು. ಹನಫಿಗಳಲ್ಲಿ ಹುಕ್ಮ್ ಬೇರೆ. ಮೊದಲಿನಿಂದ ಕೊನೆಯವರೆಗೆ ಕುರ್ಚಿಯಲ್ಲೇ ಕೂರುವವರು, ನಡೆದುಕೊಂಡೇ ಮಸೀದಿಗೆ ಬಂದವರಾದರೆ, ಇದನ್ನು ಒಮ್ಮೆ ಯೋಚಿಸಲಿ.

ಗಾಯ ಇದೆ ಎಂದು ವುಳೂ ಬಿಟ್ಟು ತಯಮ್ಮುಮ್ ಮಾಡುವವರನ್ನೂ ನೋಡುತ್ತೇವೆ. ವುಳೂವಿನಲ್ಲಿ ತೊಳೆಯುವುದು ಪಾದ ಮತ್ತು ಹರಡುಗಂಟಿನವರೆಗೆ. ಮೊಣಗಂಟಿನ ಗಾಯಕ್ಕೂ ಅದಕ್ಕೂ ಸಂಬಂಧವಿಲ್ಲ. ಬಗ್ಗಲು ಆಗದಿದ್ದರೆ ಮನೆಯವರು ನೀರು ಹೊಯ್ದು ಕೊಟ್ಟರಾಯಿತು. ಫರ್ಳ್ ಸ್ನಾನ ಬಂದರೆ ಮಾತ್ರ ಗಾಯದ ಜಾಗಕ್ಕೆ ತಯಮ್ಮುಮ್‌ನ ಮಸ್‌ಅಲ ಬರುವುದು, ಅದರ ವಿವರ ನಿಮ್ಮ ಖತೀಬರಲ್ಲಿ ಕೇಳಿ.

ಒಬ್ಬ ಹಿರಿಯರು ಮೆಲ್ಲಗೆ ಕೇಳಿದ್ದರು: “ಉಸ್ತಾದ್, ಈ ಕಬ್ಬಿಣ ಒಳಗಿಟ್ಟುಕೊಂಡು ನಮಾಝ್ ಆಗ್ತದಾ? ಮೌತಾದ್ರೆ ತೆಗೀಬೇಕಾ?” ಅದು ಕಬ್ಬಿಣವೂ ಅಲ್ಲ ಎಂಬುದು ಬೇರೆ ಮಾತು. ಇಮಾಮ್ ನವವಿಯವರ ಮಿನ್‌ಹಾಜ್‌ನಲ್ಲಿ ಮೂಳೆಗೆ ಮೂಳೆ ಜೋಡಿಸುವ ಮಸ್‌ಅಲ ಇದೆ. ಶುದ್ಧವಾದದ್ದು ಸಿಗದೆ ನಜಸ್ ಆದದ್ದನ್ನು ಜೋಡಿಸಿದವನಿಗೂ ಅಲ್ಲಿ ವಿನಾಯಿತಿಯಿದೆ. ಮರಣ ಹೊಂದಿದರೆ ಅದನ್ನು ತೆಗೆಯುವುದಿಲ್ಲ ಎಂಬುದೇ ಪ್ರಬಲ ಅಭಿಪ್ರಾಯ. ಈ ಲೋಹವಾದರೋ ನಜಸ್ಸೇ ಅಲ್ಲ. ನಮಾಝಿಗೆ ಯಾವ ತೊಂದರೆಯೂ ಇಲ್ಲ, ಮಯ್ಯಿತ್‌ನ ಕಾಲಿಗೆ ಯಾರೂ ಕೈ ಹಾಕುವುದೂ ಬೇಡ ಎಂದೆವು. ಅವರು ಮರುವಾರವೇ ಅಡ್ಮಿಟ್ ಆದರು.